ನಾಲ್ಕು ತುಂಡು ಹೊಲ, ಒಂದು ಊರಿನ ಲೆಕ್ಕ: ಟಿ-ವಿತರಣೆಯ ಹದಿನಾಲ್ಕು ಸೂತ್ರಗಳು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಬಂಡೆ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ಅದರಲ್ಲಿ ಚಕ್ರವರ್ತಿ ಹೇಳುವ ಮಾತಿನ ತಾತ್ಪರ್ಯ ಇಷ್ಟು: ಈ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಮನಸ್ಸಿಟ್ಟು ದುಡಿದರೆ ಸ್ವರ್ಗ ಮುಟ್ಟಬಹುದು.

ಸಂಖ್ಯಾಶಾಸ್ತ್ರಕ್ಕೆ ಈ ಮಾತು ತಲುಪಿದ್ದು 1908ರಲ್ಲಿ. ಅಲ್ಲಿಯ ತನಕ ಸ್ಯಾಂಪಲ್ ಎಂದರೆ ನೂರಾರು ಅಂಕಿ ಇರಬೇಕು; ನಾಲ್ಕೈದು ಅಂಕಿ ಹಿಡಿದು ಬಂದವನಿಗೆ ಮರ್ಯಾದೆ ಇರಲಿಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್ ಆ ನಾಲ್ಕೈದು ಅಂಕಿಗೂ ಒಂದು ನ್ಯಾಯ ಹುಡುಕಿಕೊಟ್ಟರು. ಅದೇ ಟಿ-ವಿತರಣೆ. ಸಣ್ಣ ಸ್ಯಾಂಪಲ್ ಕೂಡ ಸತ್ಯದ ಹತ್ತಿರ ಹೋಗಬಹುದು, ಆದರೆ ಅದಕ್ಕೆ ತಕ್ಕ ಬೆಲೆ ಕಟ್ಟಬೇಕು. ಆ ಬೆಲೆ ಎಷ್ಟು ಎಂದು ಹೇಳುವುದೇ ಟಿ-ಟೇಬಲ್ಲಿನ ಕೆಲಸ.

ಎಂ.ಎಸ್ಸಿ ಪ್ರಾಜೆಕ್ಟಿಗೆ ಕುಳಿತವರು, ಹೊಸ ತಳಿ ಹಾಕಿ ನೋಡುವ ರೈತರು, ಬೆಳೆ ವಿಮೆ ಕಟ್ಟಿದವರು ಎಲ್ಲರಿಗೂ ಕೆಲಸಕ್ಕೆ ಬರುವ ಸೂತ್ರಗಳು ಇಲ್ಲಿವೆ. ಲೆಕ್ಕಕ್ಕೆ ಬೇಕಾದ್ದು ಕೂಡುವುದು, ಭಾಗಿಸುವುದು, ಒಂದು ವರ್ಗಮೂಲ. ಅಷ್ಟೇ.

1. ಅಗುಳಿನ ಮಾತನ್ನು ಅಡುಗೆಮನೆಯಲ್ಲೇ ಬಿಡಿ

ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಅಲ್ಲಿ ಪಾತ್ರೆ ಒಂದೇ, ನೀರು ಒಂದೇ, ಉರಿ ಒಂದೇ. ಚಳ್ಳಕೆರೆ ಸೀಮೆಯ ಶೇಂಗಾ ಹೊಲ ಹಾಗಲ್ಲ. ಬದುವಿನ ಈಚೆ ಮಳೆ ಬಿದ್ದಿರುತ್ತದೆ, ಆಚೆ ನೆಲ ನೆನೆದಿರುವುದಿಲ್ಲ. ಒಂದೇ ಕಡೆ ಅಳೆದರೆ ಒಂದು ಅಂಕಿ ಸಿಗುತ್ತದೆ, ಆದರೆ ಹೊಲದಿಂದ ಹೊಲಕ್ಕೆ ಎಷ್ಟು ಏರುಪೇರು ಎಂಬುದು ಸಿಗುವುದೇ ಇಲ್ಲ. ಏರುಪೇರು ತಿಳಿಯದೆ ಟಿ-ಲೆಕ್ಕ ಶುರುವಾಗದು. ಕನಿಷ್ಠ ಎರಡು ಅಂಕಿ ಬೇಕು. ಎರಡೇ ಇದ್ದರೆ ಏನು ಗತಿ ಎಂಬುದನ್ನು ನಾಲ್ಕನೇ ಸೂತ್ರದಲ್ಲಿ ನೋಡಿ.

2. ಸರಾಸರಿಯನ್ನು ಒಂಟಿಯಾಗಿ ಕಳಿಸಬೇಡಿ

2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ರೈತ ವಿಮಾ ಮೊತ್ತದ ಶೇ 2ರಷ್ಟು ಕಂತು ಕಟ್ಟುತ್ತಾನೆ. ಪರಿಹಾರ ನಿಂತಿರುವುದು ಬೆಳೆ ಕಟಾವು ಪ್ರಯೋಗದ ಮೇಲೆ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಗೆ ಕನಿಷ್ಠ 4 ಪ್ರಯೋಗ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡಿಗೆ ಗೂಟ ಹೊಡೆದು, ಹಗ್ಗ ಕಟ್ಟಿ, ಒಳಗಿನ ಶೇಂಗಾ ಬಳ್ಳಿ ಕಿತ್ತು, ಕಾಯಿ ಬಿಡಿಸಿ ತೂಗುತ್ತಾರೆ. ಆ ನಾಲ್ಕು ತೂಕದಿಂದ ಇಡೀ ಪಂಚಾಯಿತಿಯ ಇಳುವರಿ.

ಲೆಕ್ಕ ತೋರಿಸಲು ನಾನೇ ನಾಲ್ಕು ಅಂಕಿ ಹಾಕಿಕೊಳ್ಳುತ್ತೇನೆ: 1.6, 2.4, 2.0, 2.8 ಕೆಜಿ. ಸರಾಸರಿ 2.2 ಕೆಜಿ. ಎಕರೆಗೆ ಏರಿಸಿದರೆ ಸುಮಾರು ಮೂರೂವರೆ ಕ್ವಿಂಟಲ್. ಬಹಳ ಜನ ಇಲ್ಲಿಗೆ ಪೆನ್ನು ಮುಚ್ಚುತ್ತಾರೆ. ನೀವು ಮುಚ್ಚಬೇಡಿ. 2.1, 2.2, 2.2, 2.3 ಬಂದಿದ್ದರೂ ಸರಾಸರಿ ಅದೇ 2.2. ಒಂದು ಊರಲ್ಲಿ ಬೆಳೆ ಸಮ, ಇನ್ನೊಂದು ಊರಲ್ಲಿ ಕೆಲವರು ಉಳಿದರು, ಕೆಲವರು ಮುಳುಗಿದರು. ಸರಾಸರಿ ಎರಡನ್ನೂ ಒಂದೇ ಮುಖದಲ್ಲಿ ತೋರಿಸುತ್ತದೆ. ಅದರ ಜೊತೆಗೆ ಹರವನ್ನೂ ಕಳಿಸಿ.

3. ಕೊನೆಯ ತಮ್ಮನ ಪಾಲು ನೆನಪಿರಲಿ

ಹರವು ಕಂಡುಹಿಡಿಯುವುದು ಹೀಗೆ. ಪ್ರತಿ ಅಂಕಿಯಿಂದ ಸರಾಸರಿ ಕಳೆಯಿರಿ: −0.6, 0.2, −0.2, 0.6. ವರ್ಗ ಮಾಡಿ ಕೂಡಿಸಿ: 0.80. ಈಗ ಭಾಗಿಸಬೇಕು. ನಾಲ್ಕರಿಂದಲೋ, ಮೂರರಿಂದಲೋ?

ನಾಲ್ವರು ಅಣ್ಣತಮ್ಮಂದಿರ ಆಸ್ತಿ ಪಾಲನ್ನು ನೆನಪಿಸಿಕೊಳ್ಳಿ. ಮೊದಲ ಮೂವರು ಪಾಲು ಆರಿಸಿಕೊಂಡ ಮೇಲೆ ಕೊನೆಯವನಿಗೆ ಆರಿಸುವ ಮಾತೇ ಇಲ್ಲ, ಉಳಿದದ್ದೇ ಅವನದು. ಇಲ್ಲೂ ಅಷ್ಟೇ. ನಾಲ್ಕು ವ್ಯತ್ಯಾಸಗಳನ್ನು ಕೂಡಿಸಿದರೆ ಸೊನ್ನೆ ಬರಲೇಬೇಕು. ಮೂರು ತಿಳಿದರೆ ನಾಲ್ಕನೆಯದು ತಾನಾಗಿ ನಿಶ್ಚಯ. ಸ್ವತಂತ್ರವಾಗಿ ಓಡಾಡುವುದು ಮೂರೇ. ಡಿಗ್ರೀಸ್ ಆಫ್ ಫ್ರೀಡಂ ಎಂದು ಪುಸ್ತಕ ಹೆದರಿಸುವುದು ಇದನ್ನೇ. ಆದ್ದರಿಂದ ಮೂರರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಮಾನಕ ವಿಚಲನೆ 0.516.

ಎಕ್ಸೆಲ್‌ನಲ್ಲಿ ಹಾಕುವವರು ಕೊನೆಯಲ್ಲಿ 'ಎಸ್' ಇರುವ ಫಂಕ್ಷನ್ ಆರಿಸಿ, 'ಪಿ' ಇರುವುದನ್ನಲ್ಲ. 'ಪಿ' ನಾಲ್ಕರಿಂದ ಭಾಗಿಸುತ್ತದೆ. ಇಡೀ ಊರನ್ನೇ ಅಳೆದವರಿಗೆ ಅದು, ನಿಮಗಲ್ಲ.

4. ಸ್ಯಾಂಪಲ್ ಸಣ್ಣದಿದ್ದರೆ 1.96 ಮರೆಯಿರಿ

ಪಿಯುಸಿಯಿಂದ ಬಾಯಿಪಾಠವಾದ ಅಂಕಿ ಅದು. ಪ್ರಸಾಮಾನ್ಯ ವಿತರಣೆಯ ಗಂಟೆಯಾಕಾರದ ಗೆರೆಯಲ್ಲಿ ಶೇ 95 ಭಾಗ ಹಿಡಿಯಲು 1.96 ಸಾಕು. ಆದರೆ ಅದಕ್ಕೊಂದು ಷರತ್ತಿದೆ. ಇಡೀ ಊರಿನ ಹರವು ನಿಮಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದೆ ಅದೇ ನಾಲ್ಕು ಅಂಕಿಯಿಂದ ಹರವನ್ನೂ ಅಂದಾಜು ಮಾಡಿದ್ದರೆ ಟಿ-ಟೇಬಲ್ ತೆರೆಯಲೇಬೇಕು. ಈ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ:

2 ಅಂಕಿ ಇದ್ದರೆ 12.706
3 ಇದ್ದರೆ 4.303
4 ಇದ್ದರೆ 3.182
6 ಇದ್ದರೆ 2.571
10 ಇದ್ದರೆ 2.262
16 ಇದ್ದರೆ 2.131
30 ಇದ್ದರೆ 2.045

ಎರಡೇ ಅಂಕಿಗೆ ಹನ್ನೆರಡೂ ಮುಕ್ಕಾಲು ಪಟ್ಟು! ಎರಡು ಸ್ಯಾಂಪಲ್ ಹಿಡಿದು ಭಾಷಣ ಮಾಡುವವರನ್ನು ಕಂಡರೆ ಈ ಅಂಕಿ ನೆನೆಸಿಕೊಳ್ಳಿ.

ನಮ್ಮ ಲೆಕ್ಕಕ್ಕೆ ಬನ್ನಿ. 0.516 ಅನ್ನು ನಾಲ್ಕರ ವರ್ಗಮೂಲದಿಂದ, ಅಂದರೆ ಎರಡರಿಂದ ಭಾಗಿಸಿದರೆ 0.258. ಇದು ಸರಾಸರಿಯ ಮಾನಕ ದೋಷ. ಅದಕ್ಕೆ 3.182 ಗುಣಿಸಿದರೆ 0.82. ಹಾಗಾಗಿ ಊರಿನ ನಿಜವಾದ ಸರಾಸರಿ 1.38ರಿಂದ 3.02 ಕೆಜಿಯೊಳಗೆ ಎಲ್ಲಾದರೂ ಇರಬಹುದು. ಎಕರೆಗೆ ಏರಿಸಿದರೆ ಸುಮಾರು ಎರಡೂಕಾಲರಿಂದ ಐದು ಕ್ವಿಂಟಲ್. 1.96 ಹಾಕಿದ್ದರೆ ಎರಡೂ ಮುಕ್ಕಾಲರಿಂದ ನಾಲ್ಕೂವರೆ ಎಂದು ಬೀಗುತ್ತಿದ್ದಿರಿ. ಅಷ್ಟು ಧೈರ್ಯ ನಿಮ್ಮ ನಾಲ್ಕು ತುಂಡಿಗೆ ಇಲ್ಲ.

ಶೇ 95 ಎಂದರೆ ಇದೇ ರೀತಿ ನೂರು ಸಲ ನಾಲ್ಕು ನಾಲ್ಕು ತುಂಡು ಅಳೆದು ನೂರು ವ್ಯಾಪ್ತಿ ಬರೆದರೆ, ಸುಮಾರು 95 ವ್ಯಾಪ್ತಿಗಳ ಹೊಟ್ಟೆಯೊಳಗೆ ಸತ್ಯ ಸಿಕ್ಕಿರುತ್ತದೆ ಎಂದು. ನಿಮ್ಮದು ಉಳಿದ ಐದರಲ್ಲಿ ಒಂದೋ ಏನೋ ಎಂಬುದು ನಿಮಗೆ ತಿಳಿಯುವುದಿಲ್ಲ.

5. ಬಾಲ ಯಾಕೆ ದಪ್ಪ ಎಂದು ತಿಳಿದು ಬಳಸಿ

ಟಿ-ಗೆರೆಯೂ ಗಂಟೆಯಂತೆಯೇ. ನಡು ಸ್ವಲ್ಪ ತಗ್ಗು, ಎರಡೂ ಕಡೆ ಬಾಲ ದಪ್ಪ. ಕಾರಣ ಸರಳ. ನಾಲ್ಕು ತುಂಡು ಆರಿಸುವಾಗ ಕೆಲವೊಮ್ಮೆ ಅಕಸ್ಮಾತ್ತಾಗಿ ನಾಲ್ಕೂ ಒಂದೇ ತರಹದವು ಸಿಕ್ಕಿಬಿಡುತ್ತವೆ. ಆಗ ಹರವು ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ಸರಾಸರಿ ಸತ್ಯದಿಂದ ಎಷ್ಟು ದೂರವಿದೆ ಎಂಬುದನ್ನು ಆ ಚಿಕ್ಕ ಅಂಕಿಯಿಂದ ಭಾಗಿಸಿದರೆ ಬರುವ ಫಲ ದೂರ ಹಾರುತ್ತದೆ. ಆ ಹಾರಾಟವೇ ದಪ್ಪ ಬಾಲ. ಅಂಕಿಗಳು ಹೆಚ್ಚಿದಂತೆ ಹರವಿನ ಅಂದಾಜು ಗಟ್ಟಿಯಾಗಿ, ಬಾಲ ಸವೆದು, ಟಿ-ಗೆರೆ ಪ್ರಸಾಮಾನ್ಯ ಗೆರೆಯೊಳಗೆ ಕರಗುತ್ತದೆ.

ಗಾಸೆಟ್ ಇದನ್ನು ಬರೀ ಸಮೀಕರಣದಲ್ಲಿ ಬಿಡಲಿಲ್ಲ. 1906–07ರಲ್ಲಿ ಲಂಡನ್ನಿನ ಕಾರ್ಲ್ ಪಿಯರ್ಸನ್ ಪ್ರಯೋಗಾಲಯದಲ್ಲಿ ಕುಳಿತು ಕಲಿತರು. 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ಅಳತೆ ಅವರಿಗೆ ಸಿಕ್ಕಿತ್ತು. ಒಬ್ಬೊಬ್ಬರಿಗೆ ಒಂದರಂತೆ 3000 ರಟ್ಟಿನ ತುಂಡುಗಳ ಮೇಲೆ ಬರೆದರು. ಚೆನ್ನಾಗಿ ಕಲಸಿದರು. ಒಂದೊಂದಾಗಿ ಎತ್ತಿ, ನಾಲ್ಕಕ್ಕೊಂದು ಗುಂಪಿನಂತೆ 750 ಸ್ಯಾಂಪಲ್ ಮಾಡಿ, ಒಂದೊಂದಕ್ಕೂ ಕೈಯಲ್ಲೇ ಲೆಕ್ಕ ಹಾಕಿದರು. ತಮ್ಮ ಗೆರೆಗೂ ಈ ಅಂಕಿಗಳಿಗೂ ಹೊಂದಿಕೆ ಇದೆಯೇ ಎಂದು ನೋಡಿದ ಮೇಲೆಯೇ ಅಚ್ಚಿಗೆ ಕೊಟ್ಟದ್ದು. ನಮ್ಮ ಪಂಚಾಯಿತಿಯ ನಾಲ್ಕು, ಗಾಸೆಟ್ಟರ ನಾಲ್ಕು: ಶತಮಾನ ದಾಟಿದರೂ ಪ್ರಶ್ನೆ ಅದೇ. ಕಂಪ್ಯೂಟರ್ ಇರುವ ನೀವು ಹೊಸ ವಿಧಾನ ಕಲಿತಾಗ ಒಮ್ಮೆಯಾದರೂ ಚೀಟಿ ಕಲಸಿ ನೋಡಿ.

6. ಗೂಟ ಹೊಡೆಯುವ ಜಾಗ ನೀವು ಆರಿಸಬೇಡಿ

ತಳಕಿನ ಹತ್ತಿರ ನಮ್ಮ ಚಿಕ್ಕಪ್ಪನ ಹೊಲದಲ್ಲಿ ಒಂದು ವರ್ಷ ಕಟಾವು ಪ್ರಯೋಗ ಬಿತ್ತು. ಬಂದವರ ಕೈಲಿ ಟೇಪು, ಹಗ್ಗ, ನಾಲ್ಕು ಗೂಟ, ಒಂದು ಮೊಬೈಲು. ಚಿಕ್ಕಪ್ಪ ಹಿಂದಿಂದೆಯೇ ಹೋದರು. "ಸಾರ್, ಆ ಮೂಲ್ಯಾಗೆ ಹೊಡೀರಿ. ಅಲ್ಲಿ ಗಿಡ ಒಣಗೋಗೈತೆ, ನೀವೇ ನೋಡ್ರಿ." ಬಂದವರು ತಲೆಯೆತ್ತದೆ ಹೆಜ್ಜೆ ಎಣಿಸುತ್ತಿದ್ದರು. "ನನ್ನ ಕೈಲಿಲ್ಲ ಯಜಮಾನ್ರೇ. ನಂಬರ್ ಎಲ್ಲಿ ಹೇಳ್ತದೋ ಅಲ್ಲೇ ಗೂಟ."

ಸರಿಯಾದ ಮಾತು. ಸರ್ವೆ ನಂಬರ್ ಆರಿಸುವುದೂ ಯಾದೃಚ್ಛಿಕ ಸಂಖ್ಯೆಯಿಂದ, ಹೊಲದೊಳಗೆ ತುಂಡು ಆರಿಸುವುದೂ ಅದರಿಂದಲೇ. ಸೊರಗಿದ ಮೂಲೆ ಆರಿಸಿದರೂ ತಪ್ಪು, ಹುಲುಸಾದ ಸಾಲು ಆರಿಸಿದರೂ ತಪ್ಪು. ಟಿ-ಟೇಬಲ್ ಅದೃಷ್ಟದ ಏರುಪೇರನ್ನು ಮಾತ್ರ ಅಳೆಯುತ್ತದೆ, ಮನುಷ್ಯನ ಒಲವನ್ನು ಅಳೆಯುವುದಿಲ್ಲ.

ಒಲವು ಬೇಕಂತಲೇ ಬರಬೇಕೆಂದಿಲ್ಲ. ತುಂಡು ತೀರ ಚಿಕ್ಕದಾದರೆ ಹಗ್ಗದ ಅಂಚಿನ ಗಿಡಗಳು ಒಳಗೋ ಹೊರಗೋ ಎಂಬ ಗೊಂದಲವಾಗಿ, ಕೈ ತನ್ನಷ್ಟಕ್ಕೆ ಒಳಗೆ ಸೇರಿಸಿಕೊಳ್ಳುತ್ತದೆ. ಇಳುವರಿ ಉಬ್ಬುತ್ತದೆ. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಸಣ್ಣ ತುಂಡುಗಳ ವಿರುದ್ಧ ವಾದ ಹೂಡಿದ್ದು ಈ ಕಾರಣಕ್ಕೇ. ಎದುರಿಗೆ ಸಣ್ಣ ತುಂಡುಗಳ ಪರ ನಿಂತಿದ್ದವರು ಪಿ.ಸಿ. ಮಹಾಲನೋಬಿಸ್.

7. ಒಂದೇ ಮಗ್ಗದ ನಾಲ್ಕು ಸೀರೆ ನಾಲ್ಕು ಸಾಕ್ಷಿಯಲ್ಲ

ಮೊಳಕಾಲ್ಮುರು ರೇಷ್ಮೆ ಸೀರೆ ನೇಯಲು ಎಷ್ಟು ದಿನ ಹಿಡಿಯುತ್ತದೆ ಎಂದು ತಿಳಿಯಬೇಕು. ಒಬ್ಬರೇ ನೇಕಾರರ ನಾಲ್ಕು ಸೀರೆ ಲೆಕ್ಕ ಹಿಡಿದರೆ ನಿಮಗೆ ಸಿಕ್ಕಿದ್ದು ಆ ಕೈಯ ವೇಗ, ಊರಿನ ವೇಗವಲ್ಲ. ಹಾಳೆಯ ಮೇಲೆ ಅಂಕಿ ನಾಲ್ಕಿದೆ, ಸಾಕ್ಷಿ ಒಂದೇ. ನಾಲ್ಕು ಮನೆ, ನಾಲ್ಕು ಮಗ್ಗ ಹುಡುಕಿ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದು: ಒಂದೇ ಗಿಡದ ಹತ್ತು ಎಲೆ ಅಳೆದು 'ಸ್ಯಾಂಪಲ್ ಹತ್ತು' ಎಂದು ಬರೆಯುವುದು.

8. ಲೆಕ್ಕಕ್ಕೆ ಮೊದಲು ಕಣ್ಣು

ಮೇಲಿನ 2.8 ಅನ್ನು ಅವಸರದಲ್ಲಿ 28 ಎಂದು ಒತ್ತಿದಿರಿ ಎಂದುಕೊಳ್ಳಿ. ಸರಾಸರಿ 8.5ಕ್ಕೆ ಹಾರುತ್ತದೆ. ವ್ಯಾಪ್ತಿ −12ರಿಂದ 29 ಕೆಜಿ. ಅಂದರೆ ಹೊಲವೇ ನಿಮಗೆ ಹನ್ನೆರಡು ಕೆಜಿ ಸಾಲ ಹೊರಿಸಿದೆ! ಕಂಪ್ಯೂಟರ್ ನಗುವುದಿಲ್ಲ, ನೀವು ನಗಬೇಕು. ಊರಿನ ಇಳುವರಿ ಹೆಚ್ಚುಕಡಿಮೆ ಗಂಟೆಯಾಕಾರದಲ್ಲಿ ಹರಡಿದೆ ಎಂಬ ನಂಬಿಕೆಯ ಮೇಲೆ ಟಿ-ಲೆಕ್ಕ ನಿಂತಿದೆ. ಗಂಟೆ ಸ್ವಲ್ಪ ಓರೆಯಾಗಿದ್ದರೆ ಅದು ತಾಳಿಕೊಳ್ಳುತ್ತದೆ, ಒಂದು ಭೂತದಂಥ ಅಂಕಿಯನ್ನು ತಾಳುವುದಿಲ್ಲ. ನಾಲ್ಕು ಚುಕ್ಕಿಗಳನ್ನು ಒಂದು ಗೆರೆಯ ಮೇಲೆ ಇಟ್ಟು ನೋಡಿ. ಅರ್ಧ ನಿಮಿಷದ ಕೆಲಸ.

9. ಸಾಧ್ಯವಿದ್ದಲ್ಲೆಲ್ಲ ಜೋಡಿ ಕಟ್ಟಿ

ಹಳೆಯ ಟಿಎಂವಿ-2 ಶೇಂಗಾ ಒಳ್ಳೆಯದೋ, ಕದಿರಿ ಲೇಪಾಕ್ಷಿಯೋ? ಐದು ಹೊಲದಲ್ಲಿ ಅದನ್ನು, ಬೇರೆ ಐದು ಹೊಲದಲ್ಲಿ ಇದನ್ನು ಬಿತ್ತಿದರೆ ಮಣ್ಣು, ಮಳೆ, ಒಡೆಯನ ಕೈಗುಣ ಎಲ್ಲ ನಡುವೆ ಬಂದು ತಳಿಯ ಗುಣ ಮುಚ್ಚಿಹೋಗುತ್ತದೆ. ಅದೇ ಪ್ರತಿ ಹೊಲವನ್ನೂ ಅರ್ಧ ಅರ್ಧ ಮಾಡಿ ಎರಡೂ ತಳಿ ಹಾಕಿ, ಹೊಲಕ್ಕೊಂದು ವ್ಯತ್ಯಾಸ ಬರೆದರೆ ಉಳಿದದ್ದೆಲ್ಲ ಕಳೆದುಹೋಗಿ ತಳಿಯ ಗುಣ ಮಾತ್ರ ಉಳಿಯುತ್ತದೆ.

ಇದರ ಬಲ ಎಷ್ಟೆಂದು ಗಾಸೆಟ್ಟರ 1908ರ ಬರಹದ ಅಂಕಿಗಳಲ್ಲೇ ಕಾಣುತ್ತದೆ. ಹತ್ತು ರೋಗಿಗಳಿಗೆ ಎರಡು ನಿದ್ದೆ ಔಷಧ ಕೊಟ್ಟು, ಯಾವುದರಿಂದ ಎಷ್ಟು ಗಂಟೆ ಹೆಚ್ಚು ನಿದ್ದೆ ಬಂತೆಂದು ಬರೆದಿಟ್ಟ ಅಂಕಿಗಳು. ಒಬ್ಬೊಬ್ಬರ ವ್ಯತ್ಯಾಸ ತೆಗೆದರೆ ಸರಾಸರಿ 1.58 ಗಂಟೆ. ಅದನ್ನು ಅದರ ಮಾನಕ ದೋಷದಿಂದ ಭಾಗಿಸಿದರೆ ಬರುವ ಟಿ ಬೆಲೆ 4.06. ಹತ್ತು ಅಂಕಿಗೆ ಬೇಕಾದ್ದು 2.262. ದಾಟಿತು. ಅದೇ ಇಪ್ಪತ್ತು ಅಂಕಿಗಳನ್ನು ಜೋಡಿ ಬಿಡಿಸಿ ಎರಡು ಬೇರೆ ಗುಂಪು ಎಂದು ಲೆಕ್ಕ ಹಾಕಿದರೆ ಟಿ ಬೆಲೆ 1.86ಕ್ಕೆ ಇಳಿಯುತ್ತದೆ. ಬೇಕಾದ್ದು 2.101. ದಾಟಲಿಲ್ಲ. ಅಂಕಿಗಳು ಅವೇ, ಜೋಡಿ ಬಿಡಿಸಿದ್ದಕ್ಕೆ ಉತ್ತರ ತಪ್ಪಿಹೋಯಿತು.

10. ಅಂಕಿಯ ಪಕ್ಕ ಅದರ ಹೆಸರು ಬರೆಯಿರಿ

ಆ ನಿದ್ದೆ ಔಷಧದ ಕತೆಗೆ ಬಾಲವೊಂದಿದೆ. ಗಾಸೆಟ್ ಔಷಧಗಳ ಹೆಸರನ್ನೇ ತಪ್ಪಾಗಿ ಬರೆದಿದ್ದರು. 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಅದನ್ನು ಹಾಗೆಯೇ ಎತ್ತಿಕೊಂಡರು. ಲೆಕ್ಕ ಸರಿ, ಹಣೆಪಟ್ಟಿ ತಪ್ಪು.

ಬ್ರಹ್ಮಗಿರಿಯ ಬಂಡೆಯಲ್ಲಿ ಇದಕ್ಕಿಂತ ಹಳೆಯ ಪಾಠವಿದೆ. ಶಾಸನದ ನಡುವೆ 200, 50, 6 ಎಂಬ ಅಂಕಿ ಗುರುತುಗಳಿವೆ. 256. ಏನು 256? ಬುದ್ಧ ತೀರಿಕೊಂಡು ಕಳೆದ ವರ್ಷಗಳೆಂದು ಕೆಲವು ವಿದ್ವಾಂಸರು ಹೇಳಿದರು. ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಬೇರೆಯವರು. ಬರೆದವನಿಗೆ ಅದು ಸ್ಪಷ್ಟವಾಗಿಯೇ ಇತ್ತು. ಓದುವವರಿಗೆ ತಲೆಮಾರುಗಟ್ಟಲೆ ಜಗಳವಾಯಿತು. ಕೆತ್ತಿದ ಲಿಪಿಕಾರ ಚಪಡ ತನ್ನ ಹೆಸರನ್ನು ಮಾತ್ರ ಮರೆಯದೆ ಹಾಕಿದ್ದಾನೆ, ವೃತ್ತಿಯ ಹೆಸರನ್ನು ದೂರದ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ಕೈಚಳಕವನ್ನೂ ತೋರಿಸಿದ್ದಾನೆ. ಗಾಸೆಟ್ ಇದಕ್ಕೆ ತದ್ವಿರುದ್ಧ. ನೌಕರರು ಸ್ವಂತ ಹೆಸರಲ್ಲಿ ಬರೆಯುವುದಕ್ಕೆ ಕಂಪನಿಯ ಒಪ್ಪಿಗೆ ಇರಲಿಲ್ಲವಾಗಿ 'ಸ್ಟೂಡೆಂಟ್' ಎಂದು ಸಹಿ ಹಾಕಿದರು. ಹಾಗಾಗಿ ಪುಸ್ತಕಗಳಲ್ಲಿ ಇಂದಿಗೂ ಅದು ಸ್ಟೂಡೆಂಟನ ಟಿ.

ನಿಮ್ಮ ಹೆಸರು ಹಾಕಿ ಬಿಡಿ, ಅದು ನಿಮ್ಮಿಷ್ಟ. ಅಂಕಿಯ ಪಕ್ಕ ಕೆಜಿಯೋ ಕ್ವಿಂಟಲೋ, ಹಸಿ ಕಾಯಿಯೋ ಒಣ ಕಾಯಿಯೋ ಎಂಬುದನ್ನು ಬರೆಯದೆ ಬಿಡಬೇಡಿ.

11. ಎರಡು ರಾಶಿ ಬೆರೆಸಬೇಡಿ

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದರು. ನಮ್ಮ ನಾಡಿನ ಹಲವೆಡೆ ಮೋರ್ಯರ ಮನೆ ಎಂದು ಕರೆಯುವ ಬೃಹತ್ ಶಿಲಾ ಸಮಾಧಿಗಳು ಅಲ್ಲಿ ನೂರಾರು. ತೆರೆದು ನೋಡಿದ್ದು ಹತ್ತು. ಆ ಹತ್ತರಲ್ಲಿ ಆರು ಕಲ್ಲುಚಪ್ಪಡಿಯ ಕೋಣೆಗಳು, ನಾಲ್ಕು ಕಲ್ಲುವೃತ್ತದೊಳಗಿನ ಗುಂಡಿಗಳು. ಇವುಗಳ ಅಗಲದ ಸರಾಸರಿ ಬೇಕಾದರೆ 'ಹತ್ತು ಅಂಕಿ, 2.262' ಎಂದು ಖುಷಿಪಡುವಂತಿಲ್ಲ. ಬಗೆ ಬೇರೆ. ಆರಕ್ಕೆ 2.571, ನಾಲ್ಕಕ್ಕೆ 3.182. ಬೆರೆಸಿದರೆ ವ್ಯಾಪ್ತಿ ಚಿಕ್ಕದಾಗಿ ಕಾಣಬಹುದು, ಆದರೆ ಅದು ಯಾವ ಸಮಾಧಿಗೂ ಸೇರದ ಸರಾಸರಿ.

ಎರಡು ಬಗೆಯನ್ನು ಹೋಲಿಸಬೇಕು, ಹರವೂ ಬೇರೆ ಬೇರೆ ಇದೆ ಎಂದಾಗ? ಎರೆ ಭೂಮಿ ಮತ್ತು ಮಸಾರಿ ಭೂಮಿಯ ಇಳುವರಿ ಹೋಲಿಸುವಾಗ ದಿನವೂ ಎದುರಾಗುವ ಪ್ರಶ್ನೆ ಇದು. ಅದಕ್ಕೆ ಬಿ.ಎಲ್. ವೆಲ್ಚ್ ದಾರಿ ತೋರಿಸಿದ್ದೂ ಅದೇ 1947ರಲ್ಲಿ. ಎಕ್ಸೆಲ್‌ನ ಟಿ-ಟೆಸ್ಟ್ ಕೊನೆಗೊಂದು ಅಂಕಿ ಕೇಳುತ್ತದೆ: 1 ಎಂದರೆ ಜೋಡಿ, 2 ಎಂದರೆ ಹರವು ಸಮ, 3 ಎಂದರೆ ಹರವು ಅಸಮ. ಜೋಡಿ ಇಲ್ಲದಿದ್ದರೆ, ಅನುಮಾನವಿದ್ದರೆ, 3 ಒತ್ತಿ.

ವೀಲರ್ ಬಗ್ಗೆ ಇನ್ನೊಂದು ಮಾತು. ಅಲ್ಲಿನ ಶಿಲಾ ಸಮಾಧಿಗಳ ಕಾಲ ಕ್ರಿ.ಪೂ. 200ರ ಸುಮಾರಿಗೆ ಶುರು ಎಂದು ಅವರು ಅಂದಾಜಿಸಿದರು. ಆಮೇಲೆ ಹಾವೇರಿ ಜಿಲ್ಲೆಯ ಹಳ್ಳೂರಿನ ಇಂಗಾಲ ಕಾಲನಿರ್ಣಯ ಕರ್ನಾಟಕದ ಕಬ್ಬಿಣ ಯುಗವನ್ನು ಕ್ರಿ.ಪೂ. 1000ದ ಹತ್ತಿರಕ್ಕೆ ಒಯ್ದಿತು. ಅದು ಟಿ-ಲೆಕ್ಕದ ಪ್ರಶ್ನೆಯಲ್ಲ, ಪಾಠ ಮಾತ್ರ ಒಂದೇ: ಅಂದಾಜು ಹೇಳುವಾಗ ಎರಡೂ ಕಡೆ ಜಾಗ ಬಿಟ್ಟು ಹೇಳಿ.

12. 'ಸಾಬೀತಾಗಲಿಲ್ಲ' ಎಂದರೆ 'ಇಲ್ಲ' ಎಂದಲ್ಲ

ವಿಮೆಯಲ್ಲಿ ಹಿಂದಿನ ಏಳು ವರ್ಷಗಳ ಪೈಕಿ ಉತ್ತಮ ಐದರ ಸರಾಸರಿಗೆ ನಷ್ಟಭರ್ತಿ ಮಟ್ಟವನ್ನು ಗುಣಿಸಿ ಪ್ರಾರಂಭಿಕ ಇಳುವರಿ ಕಟ್ಟುತ್ತಾರೆ. ಈ ವರ್ಷದ್ದು ಅದಕ್ಕಿಂತ ಎಷ್ಟು ಭಾಗ ಕಡಿಮೆಯೋ ವಿಮಾ ಮೊತ್ತದ ಅಷ್ಟು ಭಾಗ ಪರಿಹಾರ. ನಮ್ಮ ಉದಾಹರಣೆಗೆ ಅದನ್ನು ತುಂಡಿಗೆ 2.6 ಕೆಜಿ ಎಂದು ಹಿಡಿಯೋಣ. ಬಂದದ್ದು 2.2. ಕೊರತೆ ಶೇ 15. ವಿಮೆ ಅಷ್ಟು ಕೊಡುತ್ತದೆ.

ಅದೇ ಅಂಕಿಯನ್ನು ಟಿ-ಟೆಸ್ಟಿಗೆ ಹಾಕಿ. ವ್ಯತ್ಯಾಸ 0.4, ಮಾನಕ ದೋಷ 0.258, ಭಾಗಿಸಿದರೆ 1.55. ಬೇಕಾದ್ದು 3.182. 'ಕಡಿಮೆಯಾಗಿದೆಯೇ' ಎಂದು ಒಂದೇ ಕಡೆಯಿಂದ ಕೇಳಿದರೂ 2.353 ಬೇಕು. ದಾಟಲಿಲ್ಲ. ಹಾಗಾದರೆ ಊರಿಗೆ ನಷ್ಟವೇ ಆಗಿಲ್ಲವೇ? ಹಾಗೆ ಹೇಳಿದವನು ಪರೀಕ್ಷೆಯಲ್ಲೂ ಫೇಲು, ಊರಲ್ಲೂ ಫೇಲು. ಟೆಸ್ಟ್ ಹೇಳಿದ್ದು ಇಷ್ಟೇ: ನಾಲ್ಕು ತುಂಡಿನ ಸಾಕ್ಷಿ ಸಾಲದು. ಸಾಕ್ಷಿ ಸಾಲದೆ ಕೇಸು ಬಿದ್ದ ಮಾತ್ರಕ್ಕೆ ಕಳ್ಳತನವೇ ನಡೆದಿಲ್ಲ ಎಂದಾಗುತ್ತದೆಯೇ?

13. ಇಪ್ಪತ್ತು ಸಲ ಬಲೆ ಬೀಸಿ ಒಂದು ಮೀನು ತೋರಿಸಬೇಡಿ

ಯಾವ ಗುಣವೂ ಇಲ್ಲದ ಇಪ್ಪತ್ತು ಟಾನಿಕ್ಕುಗಳನ್ನು ಶೇ 5ರ ಮಟ್ಟದಲ್ಲಿ ಒಂದೊಂದಾಗಿ ಪರೀಕ್ಷಿಸಿ. ಕನಿಷ್ಠ ಒಂದಾದರೂ 'ಪರಿಣಾಮಕಾರಿ' ಎಂದು ಹೊರಬೀಳುವ ಸಂಭವ ಶೇ 64. ಅದೊಂದನ್ನೇ ಹಿಡಿದು ಪೇಪರು ಬರೆದರೆ ನೀವು ಬರೆದದ್ದು ಅದೃಷ್ಟದ ಕತೆ. ಎಷ್ಟು ಪರೀಕ್ಷೆ ಮಾಡಿದಿರೋ ಅಷ್ಟನ್ನೂ ಹೇಳಿ.

ಇದೇ ಕಾರಣಕ್ಕೆ, ಒಂದೇ ತಲೆಬುರುಡೆಗೆ ಹತ್ತು ಅಳತೆಗಳಿದ್ದರೆ ಹತ್ತು ಟಿ-ಟೆಸ್ಟ್ ಮಾಡುವ ಬದಲು ಎಲ್ಲವನ್ನೂ ಒಟ್ಟಿಗೆ ನೋಡುವ ವಿಧಾನಗಳಿವೆ. ಆ ದಾರಿಯನ್ನು ಅಗಲ ಮಾಡಿದವರಲ್ಲಿ ಒಬ್ಬರು ನಮ್ಮ ನೆರೆಯ ಸೀಮೆಯಲ್ಲೇ ಹುಟ್ಟಿದವರು. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್, 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾದ ಹಳೆಯ ಎಲುಬುಗಳ ಅಳತೆಯನ್ನು ವಿಶ್ಲೇಷಿಸಲು. ಅಲ್ಲೇ ಫಿಷರ್ ಕೈಕೆಳಗೆ 1948ರಲ್ಲಿ ಪಿಎಚ್‌ಡಿ ಮುಗಿಸಿದರು. ಗಾಸೆಟ್ಟರ ಟಿ-ಗೆ ಡಿಗ್ರೀಸ್ ಆಫ್ ಫ್ರೀಡಂನ ಗಟ್ಟಿ ತಳಪಾಯ ಹಾಕಿಕೊಟ್ಟ ಅದೇ ಫಿಷರ್.

14. ಮಾಡಿದಷ್ಟು ನೀಡು ಭಿಕ್ಷೆ

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಈ ಮಾತು ನಮ್ಮ ಸೀಮೆಯ ಮಕ್ಕಳಿಗೂ ಬಾಯಿಪಾಠ. ಸ್ಯಾಂಪಲ್ಲಿಗೂ ಅದೇ ನಿಯಮ. ನೀವು ದುಡಿದಷ್ಟು ನಿಖರತೆ ಅದು ಕೊಡುತ್ತದೆ, ಅದಕ್ಕಿಂತ ಹೆಚ್ಚು ಬೇಡಬೇಡಿ. ನಾಲ್ಕು ತುಂಡನ್ನು ಹದಿನಾರು ಮಾಡಿದರೆ, ಹರವು ಅಷ್ಟೇ ಇದ್ದಲ್ಲಿ, ಮಾನಕ ದೋಷ ಅರ್ಧವಾಗುತ್ತದೆ, ಟಿ ಬೆಲೆಯೂ 3.182ರಿಂದ 2.131ಕ್ಕೆ ಇಳಿಯುತ್ತದೆ. ಎರಡೂ ಸೇರಿ 0.82ರ ಅಂಚು 0.28 ಆಗುತ್ತದೆ, ಮೂರನೆಯ ಒಂದು ಭಾಗ. ಹದಿನಾರರಿಂದ ಮೂವತ್ತಕ್ಕೆ ಹೋದರೆ ಟಿ-ಯಲ್ಲಿ ಸಿಗುವ ಲಾಭ ಅತ್ಯಲ್ಪ. ಆದ್ದರಿಂದ ಕೈಯಲ್ಲಿ ಸ್ವಲ್ಪವೇ ಹಣ, ಸ್ವಲ್ಪವೇ ಆಳು ಇದ್ದಾಗ ಮೊದಲ ಕೆಲವು ತುಂಡುಗಳಿಗೆ ಖರ್ಚು ಮಾಡಿ. ಒಂದೊಂದು ಹೊಸ ಅಂಕಿಗೆ ಅತಿ ಹೆಚ್ಚು ಬೆಲೆ ಬರುವುದು ಅಲ್ಲೇ.

ಈ ಲೆಕ್ಕವನ್ನೆಲ್ಲ ಒಂದು ಬೀಜದ ಚೀಲದ ಚೀಟಿಯ ಹಿಂದೆ ಬರೆದು ಚಿಕ್ಕಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಎರಡೂಕಾಲರಿಂದ ಐದು ಕ್ವಿಂಟಲ್ ಅಂತ ಹೇಳಾಕೆ ಇಷ್ಟು ಓದಬೇಕಿತ್ತೇನಪ್ಪಾ? ಬದುವಿನ ಮ್ಯಾಲೆ ನಿಂತ್ಕಂಡು ನಾನೇ ಹೇಳ್ತಿದ್ದೆ."

ನಾನು ಸುಮ್ಮನಿದ್ದೆ. ಅವರು ಚೀಟಿ ತಿರುಗಿಸಿ ಟಿ-ಸಾಲುಗಳ ಮೇಲೆ ಬೆರಳಾಡಿಸಿದರು. ನಾಲ್ಕರ ಮುಂದೆ ನಿಂತರು, ಕೆಳಗೆ ಇಳಿದರು.

"ಇನ್ನೆರಡು ಕಡೆ ಗೂಟ ಹೊಡೆದ್ರೆ ಇದು ಎರಡೂವರೆಗೆ ಇಳೀತದಾ?"

"ಹೂಂ, 2.571."

"ಹಂಗಾದ್ರೆ ಇನ್ನೆರಡು ಹೊಡೀಲಿ ಅನ್ನು. ಆ ಒಣಗಿದ ಮೂಲ್ಯಾಗೆ ಬೇಡ, ನಂಬರ್ ಎಲ್ಲಿ ಹೇಳ್ತದೋ ಅಲ್ಲೇ ಹೊಡೀಲಿ."